ಮೊದಲ ವರ್ಷದ ತೆರಿಗೆ ಎರಡನೆಯ ವರ್ಷಕ್ಕೆ ಬರುತ್ತದೆ

ಸೋದರಿ, ನಮಸ್ಕಾರ.

ನಿಮ್ಮ ಪತ್ರದಿಂದ ನನಗೆ ತಿಳಿದದ್ದನ್ನು ಮೊದಲು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಬ್ಲೂ ಕಾರ್ಡ್ ಎಂಬ ಉದ್ಯೋಗದ ವಾಸ ಪರವಾನಗಿ ಇರುವ ಗಂಡನ ಜೊತೆ ಎಂಟು ತಿಂಗಳ ಹಿಂದೆ ಮೈಸೂರಿನಿಂದ ಜರ್ಮನಿಗೆ ಬಂದಿದ್ದೀರಿ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವ ಕೆಲಸವನ್ನು ಇಲ್ಲಿ ಸ್ವಂತವಾಗಿ ಶುರು ಮಾಡಬೇಕೆಂದಿದ್ದೀರಿ. ತಿಂಗಳಿಗೆ ಸುಮಾರು 2,000 ಯೂರೊ ಬರಬಹುದೆಂಬ ಅಂದಾಜು ನಿಮ್ಮದು. ಗಂಡನ ಆರೋಗ್ಯ ವಿಮೆಯಲ್ಲಿ ಹೆಸರಿರುವಾಗ ಬೇರೆ ವಿಮೆ ಬೇಕೆ, ತೆರಿಗೆಗೆ ಎಷ್ಟು ಎತ್ತಿಡಬೇಕು, ಯಾವ ಖರ್ಚನ್ನು ತೋರಿಸಬಹುದು, ಬೆಂಗಳೂರಿನ ಪ್ರಕಾಶಕರು ಕೊಡುವ ಹಣ ಊರಿನ ಖಾತೆಯಲ್ಲೇ ಉಳಿದರೆ ಅದನ್ನು ಇಲ್ಲಿ ಹೇಳಬೇಕೆ ಎಂದು ಕೇಳಿದ್ದೀರಿ.

ನಾನು 2012ರ ಅಕ್ಟೋಬರ್‌ನಲ್ಲಿ ಶ್ಟುಟ್‌ಗಾರ್ಟ್‌ಗೆ ಓದಲು ಬಂದಾಗ, ವಿಮೆಯ ಕಾಗದವಿಲ್ಲದೆ ವಿಶ್ವವಿದ್ಯಾಲಯದಲ್ಲಿ ಹೆಸರನ್ನೇ ಬರೆದುಕೊಳ್ಳುವುದಿಲ್ಲ ಎಂದರು. ಶಿರಸಿ ಸೀಮೆಯ ನಮ್ಮ ಊರಿನಲ್ಲಿ ವಿಮೆ ಎಂದರೆ, ಸಂಜೆ ಜಗುಲಿಗೆ ಬಂದು ಕವಳ ಹಾಕಿ, ಹೋಗುವಾಗ ಅಪ್ಪನಿಂದ ಒಂದು ಸಹಿ ಹಾಕಿಸಿಕೊಂಡು ಹೋಗುವ ಏಜೆಂಟ್ ಮಾವ. ಅದು ಮನುಷ್ಯನ ಮುಖ ನೋಡಿ ಮಾಡುವ ಉಪಕಾರವಾಗಿತ್ತೇ ಹೊರತು, ಅದಿಲ್ಲದೆ ಬದುಕಲು ಬಿಡದ ಕಾನೂನು ಆಗಿರಲಿಲ್ಲ. ಇಲ್ಲಿ ಆರೋಗ್ಯ ವಿಮೆಯಿಲ್ಲದೆ ವಾಸಿಸುವುದಕ್ಕೆ ಕಾನೂನಿನ ಒಪ್ಪಿಗೆಯೇ ಇಲ್ಲ. ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲು ನನಗೆ ಕೆಲವು ವರ್ಷಗಳೇ ಹಿಡಿದವು.

ಹಾಗಾಗಿ ಮೊದಲು ವಿಮೆಯ ಮಾತು. ಗಂಡನ ಸರ್ಕಾರಿ ವಿಮೆಯಲ್ಲಿ ಹೆಂಡತಿಗೆ ಪುಕ್ಕಟೆಯಾಗಿ ಸಿಗುವ ಕುಟುಂಬ ವಿಮೆ, ನೀವು ಸ್ವಂತ ಉದ್ಯೋಗವನ್ನೇ ಮುಖ್ಯ ಕಸುಬಾಗಿ ಹಿಡಿದ ದಿನ ನಿಂತುಹೋಗುತ್ತದೆ. ಅದು ಮುಖ್ಯ ಕಸುಬಲ್ಲ ಎಂದು ವಾದಿಸಿದರೂ ಆದಾಯದ ಮಿತಿಯೊಂದಿದೆ. 2025ರಲ್ಲಿ ಅದು ತಿಂಗಳಿಗೆ 535 ಯೂರೊ ಇತ್ತು. ನಿಮ್ಮ ಅಂದಾಜು ಅದನ್ನು ಎಂದೋ ದಾಟಿದೆ. ಹೇಳದೆ ಸುಮ್ಮನಿದ್ದರೆ, ತೆರಿಗೆಯ ಕಾಗದ ವಿಮಾ ಸಂಸ್ಥೆಯ ಕೈಸೇರಿದಾಗ ಹಿಂದಿನ ತಿಂಗಳುಗಳ ಕಂತನ್ನೆಲ್ಲ ಒಟ್ಟಿಗೆ ಕೇಳುತ್ತಾರೆ. ಸಂಬಳದವರಿಗೆ ಕಂತಿನ ಅರ್ಧವನ್ನು ಮಾಲೀಕರು ಕೊಡುತ್ತಾರೆ. ಸ್ವಂತ ಉದ್ಯೋಗದವರು ಎರಡೂ ಅರ್ಧಗಳನ್ನು ತಾವೇ ಕಟ್ಟಬೇಕು: 2025ರ ದರದಲ್ಲಿ ಆರೋಗ್ಯ ವಿಮೆ ಮತ್ತು ಮುಪ್ಪಿನಲ್ಲೋ ಕಾಯಿಲೆಯಲ್ಲೋ ನೋಡಿಕೊಳ್ಳುವವರು ಬೇಕಾದಾಗ ನೆರವಾಗುವ ಆರೈಕೆ ವಿಮೆ ಎರಡೂ ಸೇರಿ ಲಾಭದ ಹೆಚ್ಚೂಕಡಿಮೆ ಐದರಲ್ಲೊಂದು ಭಾಗ. ಏನೂ ಗಳಿಸದ ತಿಂಗಳಲ್ಲಿಯೂ ಸುಮಾರು 250 ಯೂರೊ ಹೋಗುತ್ತದೆ.

ಆದರೆ ನೀವು ಚಿತ್ರಕಾರರು, ನಾನು ಯಂತ್ರಗಳ ನಕ್ಷೆ ಬರೆಯುವ ಎಂಜಿನಿಯರ್. ಇಲ್ಲಿ ನಿಮಗೆ ನನಗಿಲ್ಲದ ಭಾಗ್ಯವೊಂದಿದೆ ಎಂದು ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತೇನೆ. ವಿಲ್‌ಹೆಲ್ಮ್ಸ್‌ಹಾಫನ್ ಎಂಬ ಕಡಲತೀರದ ಊರಿನಲ್ಲಿ ಕಲಾವಿದರ ಸಾಮಾಜಿಕ ವಿಮಾ ನಿಧಿ ಇದೆ. ಇಲ್ಲಿಯವರು ಅದನ್ನು ಕೆಎಸ್‌ಕೆ ಎನ್ನುತ್ತಾರೆ. 1983ರಿಂದ ನಡೆಯುತ್ತಿರುವ ಈ ನಿಧಿ ಸ್ವತಂತ್ರ ಕಲಾವಿದರು ಮತ್ತು ಬರಹಗಾರರಿಗೆ ಮಾಲೀಕನ ಸ್ಥಾನದಲ್ಲಿ ನಿಂತು, ಆರೋಗ್ಯ, ಆರೈಕೆ ಮತ್ತು ಪಿಂಚಣಿ ವಿಮೆಯ ಕಂತುಗಳಲ್ಲಿ ಸುಮಾರು ಅರ್ಧವನ್ನು ತಾನು ಹೊರುತ್ತದೆ. ಆ ಹಣವನ್ನು ಕಲಾವಿದರಿಂದ ಕೆಲಸ ಮಾಡಿಸಿಕೊಳ್ಳುವ ಪ್ರಕಾಶನ ಸಂಸ್ಥೆಗಳಿಂದಲೂ ಕೇಂದ್ರ ಸರ್ಕಾರದಿಂದಲೂ ಪಡೆಯುತ್ತದೆ. ವರ್ಷಕ್ಕೆ 3,900 ಯೂರೊ ಮೀರಿದ ಲಾಭವಿರಬೇಕೆಂಬ ನಿಯಮವಿದ್ದರೂ ಹೊಸದಾಗಿ ಕಸುಬು ಹಿಡಿದವರಿಗೆ ಮೊದಲ ಮೂರು ವರ್ಷ ಅದರಿಂದ ವಿನಾಯಿತಿ ಇದೆ. ಅರ್ಜಿಗೆ ಉತ್ತರ ಬರಲು ತಿಂಗಳುಗಳೇ ಆಗಬಹುದು. ಆದರೆ ವಿಮೆಯ ಲೆಕ್ಕ ಶುರುವಾಗುವುದು ನೀವು ಅವರಿಗೆ ತಿಳಿಸಿದ ದಿನದಿಂದಲೇ ಹೊರತು, ನೀವು ಮೊದಲ ಚಿತ್ರ ಬರೆದ ದಿನದಿಂದಲ್ಲ. ಆದ್ದರಿಂದ ಒಳ್ಳೆಯ ದಿನ ನೋಡುತ್ತ ಕೂರದೆ, ಕೈಯಲ್ಲಿ ಒಂದೆರಡು ಕರಾರು ಪತ್ರ ಬಂದ ಕೂಡಲೇ ಬರೆದು ಹಾಕಿ.

ಖಾಸಗಿ ಆರೋಗ್ಯ ವಿಮೆಯವರು ನಿಮ್ಮ ವಯಸ್ಸನ್ನು ನೋಡಿ ಅಗ್ಗದ ಕಂತು ಹೇಳುತ್ತಾರೆ. ವಯಸ್ಸಾದಂತೆ ಅದು ಏರುತ್ತದೆ, ಮತ್ತು 55 ದಾಟಿದ ಮೇಲೆ ಸರ್ಕಾರಿ ವಿಮೆಗೆ ಮರಳುವ ದಾರಿ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಇದರ ಬಗ್ಗೆ ಇಷ್ಟೇ ಸಾಕು.

ಇನ್ನು ತೆರಿಗೆ. ನಿಮ್ಮ ವಾಸದ ಪರವಾನಗಿ ಕುಟುಂಬದ ಆಧಾರದ್ದಾದ್ದರಿಂದ ಸ್ವಂತ ಉದ್ಯೋಗಕ್ಕೆ ಅದರಲ್ಲೇ ಅನುಮತಿ ಇರುತ್ತದೆ. ಕಾರ್ಡಿನ ಹಿಂಬದಿಯನ್ನು ಒಮ್ಮೆ ಓದಿ. ಚಿತ್ರಕಾರರ ಕೆಲಸ ಸ್ವತಂತ್ರ ವೃತ್ತಿ ಎನಿಸಿಕೊಳ್ಳುವುದರಿಂದ ವ್ಯಾಪಾರದ ನೋಂದಣಿ ಬೇಡ. ಆದರೆ ಅದೇ ಚಿತ್ರವನ್ನು ಅಂಗಿ, ಬಟ್ಟಲುಗಳ ಮೇಲೆ ಅಚ್ಚು ಹಾಕಿಸಿ ಮಾರಿದರೆ ಅದು ವ್ಯಾಪಾರವಾಗುತ್ತದೆ. ಕೆಲಸ ಶುರು ಮಾಡಿದ ಒಂದು ತಿಂಗಳೊಳಗೆ ಫಿನಾನ್ಸ್‌ಆಮ್ಟ್ ಎಂಬ ತೆರಿಗೆ ಕಚೇರಿಗೆ, ಎಲ್ಸ್ಟರ್ ಎಂಬ ಅವರ ಜಾಲತಾಣದ ಮೂಲಕ, ಒಂದು ಉದ್ದದ ಪ್ರಶ್ನಾವಳಿಯನ್ನು ತುಂಬಿ ಕಳಿಸಬೇಕು. ಈ ವರ್ಷ ಎಷ್ಟು ಲಾಭ ಬರಬಹುದು, ಮುಂದಿನ ವರ್ಷ ಎಷ್ಟು ಬರಬಹುದು ಎಂದು ಅದರಲ್ಲಿ ಕೇಳುತ್ತಾರೆ. ನಾನು ಎಡವಿದ್ದು ಈ ಎರಡು ಖಾನೆಗಳಲ್ಲಿ.

ನಾನು ನೌಕರಿ ಬಿಟ್ಟು ಸ್ವಂತ ಕೆಲಸ ಶುರು ಮಾಡಿದ್ದು 2018ರ ಜನವರಿಯಲ್ಲಿ. ಆ ಖಾನೆಯಲ್ಲಿ ಏನು ಬರೆಯಬೇಕೆಂದು ಯೋಚಿಸುವಾಗ ನನ್ನೊಳಗಿನ ತೋಟಿಗ ಎದ್ದು ಕೂತ. ಅಡಿಕೆ ಎಷ್ಟಾಗಬಹುದು ಎಂದು ಯಾರಾದರೂ ಕೇಳಿದರೆ ನಮ್ಮ ಕಡೆ ಯಾರೂ ನಿಜ ಹೇಳುವುದಿಲ್ಲ. ಮರ ತುಂಬ ಗೊನೆಯಿದ್ದರೂ ‘ಕೊಳೆ ಬಿದ್ದಿದೆ, ಈ ಸಲ ಅಷ್ಟಕ್ಕಷ್ಟೆ’ ಎನ್ನುವುದು ವಾಡಿಕೆ, ಹೆಚ್ಚು ಹೇಳಿದರೆ ಕಣ್ಣು ಬೀಳುತ್ತದೆ. ನಾನು 20,000 ಯೂರೊ ಎಂದು ಬರೆದೆ. ಬಂದದ್ದು ಸುಮಾರು 60,000. ನಾನು ಬರೆದುಕೊಟ್ಟದ್ದನ್ನು ತೆರಿಗೆ ಕಚೇರಿ ನಂಬಿತು, ಮುಂಗಡ ತೆರಿಗೆಯನ್ನು ಬಹಳ ಕಡಿಮೆ ಹಾಕಿತು. ವಿಮಾ ಸಂಸ್ಥೆಯೂ ಅದೇ ಅಂದಾಜಿನ ಮೇಲೆ ಸಣ್ಣ ಕಂತು ನಿಗದಿ ಮಾಡಿತು. ಯಾರೂ ನನಗೆ ಮೋಸ ಮಾಡಲಿಲ್ಲ. ಖಾತೆಯಲ್ಲಿ ಹಣ ಉಳಿಯುತ್ತಿತ್ತು, ನಾನು ಅದನ್ನು ನನ್ನದೆಂದು ತಿಳಿದೆ.

2019ರ ಮೇ ತಿಂಗಳಲ್ಲಿ ಊರಿನ ಮನೆಯ ಮಾಡನ್ನು ಬಿಚ್ಚಿ ಹೊಸದಾಗಿ ಕಟ್ಟಿಸಲು ಅಪ್ಪನಿಗೆ 12,000 ಯೂರೊ ಕಳಿಸಿದೆ. ರೂಪಾಯಿಯಲ್ಲಿ ಅದು ಒಂಬತ್ತು ಲಕ್ಷ ದಾಟಿತ್ತು. ಕೇರಿಯ ನಾಲ್ಕು ಮನೆಗಳಿಗೆ ಗೊತ್ತಾಗುವ ಹಾಗೆ ಕಳಿಸಿದೆ ಎಂಬುದನ್ನೂ ಮುಚ್ಚಿಡಬಾರದು. ಜುಲೈನಲ್ಲಿ 2018ರ ಲೆಕ್ಕವನ್ನು ನಾನೇ ಕೂತು ಸಲ್ಲಿಸಿದೆ. ಅಕ್ಟೋಬರ್‌ನಲ್ಲಿ ಬಂತು ತೆರಿಗೆ ಕಚೇರಿಯ ನಿರ್ಣಯಪತ್ರ. 2018ರ ಪೂರ್ತಿ ತೆರಿಗೆಯನ್ನು ಒಂದು ತಿಂಗಳಲ್ಲಿ ಕಟ್ಟಬೇಕು. ಲಾಭ ಇಷ್ಟಿರುವಾಗ ಈ ವರ್ಷವೂ ಇಷ್ಟೇ ಇರುತ್ತದೆಂದು ಎಣಿಸಿ, 2019ರ ಇಡೀ ವರ್ಷದ ಮುಂಗಡವನ್ನು ಡಿಸೆಂಬರ್ 10ಕ್ಕೆ ಕಟ್ಟಬೇಕು. ಅದೇ ನಿರ್ಣಯಪತ್ರದ ಪ್ರತಿಯನ್ನು ಕೇಳಿ ತರಿಸಿಕೊಂಡ ವಿಮಾ ಸಂಸ್ಥೆಯಿಂದ 2018ರ ಕಂತಿನ ವ್ಯತ್ಯಾಸದ ಬಿಲ್ಲು. ಸ್ವಂತ ಉದ್ಯೋಗದವರ ಕಂತನ್ನು ಮೊದಲು ತಾತ್ಕಾಲಿಕವಾಗಿ ಹಾಕಿ, ತೆರಿಗೆಯ ನಿರ್ಣಯ ಬಂದ ಮೇಲೆ ಹಿಂದಿನಿಂದ ಸರಿಪಡಿಸುವ ಪದ್ಧತಿ ಆ 2018ರಿಂದಲೇ ಜಾರಿಗೆ ಬಂದಿತ್ತು. ಮೂರೂ ಸೇರಿ 30,000 ಯೂರೊ ಮೀರಿತು. ನನ್ನ ಹತ್ತಿರ ಇದ್ದದ್ದು 17,000.

ಸ್ವಲ್ಪ ಭಾಗಕ್ಕೆ ಕಂತು ಮಾಡಿಕೊಡಿರೆಂದು ತೆರಿಗೆ ಕಚೇರಿಗೆ ಬರೆದುಕೊಂಡೆ, ತಿಂಗಳಿಗೆ ಶೇಕಡಾ ಅರ್ಧದ ಬಡ್ಡಿಗೆ ಒಪ್ಪಿದರು. ಉಳಿದದ್ದಕ್ಕೆ ಊರಿಗೆ ಫೋನ್ ಮಾಡಿದೆ. ಕೊಟ್ಟ ಹಣವನ್ನು ವಾಪಸು ಕೇಳುವ ಮಾತು ಬಾಯಿಂದ ಹೊರಡುವುದಕ್ಕೆ ಮೊದಲು ಮಳೆಯ ಬಗ್ಗೆ ಹತ್ತು ನಿಮಿಷ ಮಾತಾಡಿದ್ದು ನೆನಪಿದೆ. ಅಪ್ಪ, ‘ನೋಡನ, ಒಂದೆಂಟ್ ದಿನ ತಡಿ’ ಎಂದ. ಎಂಟನೆಯ ದಿನವಲ್ಲದಿದ್ದರೂ ಹನ್ನೆರಡನೆಯ ದಿನ ಆರು ಲಕ್ಷ ಬಂತು. ಬ್ಯಾಂಕಿನ ಫಾರಂ ತುಂಬಲು ತಂಗಿಯನ್ನು ಕರೆದುಕೊಂಡು ಶಿರಸಿಗೆ ಎರಡು ಸಲ ಹೋಗಿದ್ದನಂತೆ. ಮಾಡಿಗೆ ಕೊಟ್ಟ ಹಣದಲ್ಲಿ ಅರ್ಧ ಆಗಲೇ ಮರಕ್ಕೂ ಹೆಂಚಿಗೂ ಹೋಗಿತ್ತು, ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಆದ್ದರಿಂದ ಬರುವ ಅಡಿಕೆಯ ಮೇಲೆ ಸೊಸೈಟಿಯಲ್ಲಿ ಸಾಲ ತೆಗೆದಿದ್ದ. ಇದನ್ನು ಅವನು ನನಗೆ ಹೇಳಲಿಲ್ಲ, ಮರುವರ್ಷ ಅಮ್ಮ ಬಾಯಿತಪ್ಪಿ ಹೇಳಿದಳು. 2020ರಲ್ಲಿ ನಾನು ಹಣ ಮರಳಿಸುವ ಹೊತ್ತಿಗೆ ಕೊರೊನಾ ಬಂದು ಬಡಗಿಗಳು ಸಿಗಲಿಲ್ಲ, ಎರಡು ಮಳೆಗಾಲ ಅಡುಗೆಮನೆಯ ಮೇಲೆ ತಾಡಪಾಲು ಹೊದೆಸಿಯೇ ಕಳೆದರು. ಮಾಡಿನ ಆ ಭಾಗಕ್ಕೆ ಕೊನೆಗೆ ಹಾಕಿದ ಹೆಂಚಿನ ಬಣ್ಣ ಉಳಿದದ್ದಕ್ಕೆ ಹೊಂದುವುದಿಲ್ಲ. 2022ರಲ್ಲಿ ಹೋದಾಗ ಅಪ್ಪನ ಲೆಕ್ಕದ ಪುಸ್ತಕ ತಿರುವಿ ನೋಡಿದೆ; ನಾನು ಮೊದಲು ಕಳಿಸಿದ ಒಂಬತ್ತು ಲಕ್ಷವನ್ನು ಅವನು ಜಮೆಗೆ ಹಾಕಿರಲಿಲ್ಲ, ಕೈಗಡದ ಪುಟದಲ್ಲಿ ಬರೆದಿದ್ದ.

ನನಗೆ ಹೆಚ್ಚು ಚುಚ್ಚುವುದು, ಈ ವಿದ್ಯೆ ಮನೆಯಲ್ಲೇ ಇತ್ತು ಎನ್ನುವುದು. ವರ್ಷಕ್ಕೊಮ್ಮೆ ಅಡಿಕೆಯ ಹಣ ಬಂದ ದಿನ ಅಪ್ಪ ಮೊದಲು ಸೊಸೈಟಿಯ ಸಾಲ ತೀರಿಸಿ, ಕೊಟ್ಟಿಗೆಯವರ ಕೂಲಿ, ಮಳೆಗಾಲದ ಮದ್ದಿಗೆ ಮೈಲುತುತ್ತ, ಗೊಬ್ಬರ ಎಂದು ಗಂಟು ಕಟ್ಟಿಟ್ಟ ಮೇಲೆಯೇ ಉಳಿದದ್ದನ್ನು ಅಮ್ಮನ ಕೈಗೆ ಕೊಡುತ್ತಿದ್ದ. ಸ್ವಂತ ಉದ್ಯೋಗದ ಆದಾಯ ಅಡಿಕೆಯ ಆದಾಯದ ಜಾತಿಯದು. ನಾನು ನಾಲ್ಕು ವರ್ಷ ಸಂಬಳ ತಿಂದು ಅದನ್ನು ಮರೆತಿದ್ದೆ. ಈಗ ಬ್ಯಾಂಕಿನಲ್ಲಿ ಎರಡನೆಯ ಖಾತೆಯೊಂದಿದೆ, ಅದಕ್ಕೆ ‘ಸೊಸೈಟಿ’ ಎಂದೇ ಹೆಸರಿಟ್ಟಿದ್ದೇನೆ. ಬಿಲ್ಲಿನ ಹಣ ಬಂದ ದಿನವೇ ಮೂರರಲ್ಲೊಂದು ಭಾಗ ಅಲ್ಲಿಗೆ ಹೋಗುತ್ತದೆ.

ನೀವೂ ತೆರಿಗೆಗಾಗಿಯೇ ಮೂರರಲ್ಲೊಂದು ಭಾಗ ಎತ್ತಿಡಿ, ವಿಮೆಯ ಕಂತು ಅದರಿಂದ ಹೊರಗೆ. 2025ರಲ್ಲಿ ಒಬ್ಬರಿಗೆ 12,096 ಯೂರೊವರೆಗೆ ತೆರಿಗೆಯಿಲ್ಲ ಎಂದು ಓದಿ, ನನಗೆ ಅಷ್ಟು ಬೇಕಾಗಿಲ್ಲ ಎಂದುಕೊಳ್ಳಬೇಡಿ. ಗಂಡ ಹೆಂಡತಿ ಒಟ್ಟಿಗೆ ಲೆಕ್ಕ ಸಲ್ಲಿಸುವಾಗ ಇಬ್ಬರ ವಿನಾಯಿತಿಯೂ ಒಂದೇ ರಾಶಿಗೆ ಬೀಳುತ್ತದೆ. ದಂಪತಿಗಳಲ್ಲಿ ಹೆಚ್ಚು ಗಳಿಸುವವರ ಸಂಬಳದಲ್ಲಿ ತಿಂಗಳ ತೆರಿಗೆ ಕಡಿಮೆ ಹಿಡಿಯುವ ಮೂರನೆಯ ತೆರಿಗೆ ವರ್ಗದಲ್ಲಿ ನಿಮ್ಮ ಗಂಡ ಇದ್ದರೆ ಎರಡನ್ನೂ ಅವರ ಸಂಬಳವೇ ತಿಂಗಳು ತಿಂಗಳು ತಿಂದು ಮುಗಿಸುತ್ತಿದೆ. ನಿಮ್ಮ ಮೊದಲ ಯೂರೊಗೆ ಬೀಳುವ ದರ, ಅವರ ಕೊನೆಯ ಯೂರೊಗೆ ಬಿದ್ದ ದರದಿಂದ ಶುರುವಾಗುತ್ತದೆ. ಮುಂಗಡ ಕಟ್ಟುವ ದಿನಗಳು ಮಾರ್ಚ್, ಜೂನ್, ಸೆಪ್ಟೆಂಬರ್ ಮತ್ತು ಡಿಸೆಂಬರ್‌ಗಳ 10ನೆಯ ತಾರೀಖು. ತಡವಾದರೆ ತಿಂಗಳಿಗೆ ಶೇಕಡಾ ಒಂದು ದಂಡ. ಪ್ರಶ್ನಾವಳಿಯಲ್ಲಿ ನಿಜವಾದ ಅಂದಾಜನ್ನೇ ಬರೆಯಿರಿ, ಇಲ್ಲಿ ಕಣ್ಣು ಬೀಳುವುದಿಲ್ಲ. ಕೆಲಸ ಕಡಿಮೆಯಾದರೆ ಮುಂಗಡ ಇಳಿಸಿರೆಂದು ನಡುವೆ ಬರೆದರೂ ಕೇಳುತ್ತಾರೆ.

ಮಾರಾಟ ತೆರಿಗೆಯ ವಿಷಯದಲ್ಲಿ ನಿಮಗೆ ಹೆಚ್ಚು ತಲೆನೋವಿಲ್ಲ. ಹಿಂದಿನ ವರ್ಷದ ವಹಿವಾಟು 25,000 ಯೂರೊ ಮೀರದ ಸಣ್ಣ ಉದ್ಯಮಿ ಬಿಲ್ಲಿನಲ್ಲಿ ಅದನ್ನು ಹಾಕಬೇಕಾಗಿಲ್ಲ. ಹಾಕಿಲ್ಲವೇಕೆ ಎಂಬ ಒಂದು ಸಾಲನ್ನು ಮಾತ್ರ ಬಿಲ್ಲಿನ ಕೆಳಗೆ ಬರೆಯಬೇಕು. ನೀವು ಹೇಳಿದ ಅಂದಾಜು ವರ್ಷಕ್ಕೆ 24,000 ಆಗುತ್ತದೆ, ಅಂಚಿನಲ್ಲಿದೆ, ಗಮನವಿರಲಿ.

ಖರ್ಚಿನ ವಿಷಯ. ಕಂಪ್ಯೂಟರನ್ನು ಕೊಂಡ ವರ್ಷವೇ ಪೂರ್ತಿ ತೋರಿಸಬಹುದು. ಬಣ್ಣ, ಕಾಗದ, ತಂತ್ರಾಂಶ, ಪುಸ್ತಕ ಮೇಳದ ಪ್ರಯಾಣ ಎಲ್ಲವೂ ಸರಿ. ಮನೆಯಲ್ಲೇ ಕೂತು ಮಾಡಿದ ದಿನಕ್ಕೆ 6 ಯೂರೊ, ವರ್ಷಕ್ಕೆ ಹೆಚ್ಚೆಂದರೆ 1,260 ಸಿಗುತ್ತದೆ. ಬಾಡಿಗೆಯ ಪಾಲನ್ನೇ ತೋರಿಸಲು ಕೆಲಸಕ್ಕಷ್ಟೇ ಬಳಸುವ ಪ್ರತ್ಯೇಕ ಕೋಣೆ ಬೇಕು, ಊಟದ ಮೇಜಿನ ಮೂಲೆ ನಡೆಯುವುದಿಲ್ಲ. ರಶೀದಿ ಇಲ್ಲದ ಖರ್ಚು ಖರ್ಚೇ ಅಲ್ಲ. ‘ಬಿಲ್ ಬೇಡ, ಸ್ವಲ್ಪ ಕಡಿಮೆ ಮಾಡಿ’ ಎನ್ನುವ ನಮ್ಮ ನಾಲಿಗೆಯ ಅಭ್ಯಾಸವನ್ನು ವಿಮಾನ ನಿಲ್ದಾಣದಲ್ಲೇ ಬಿಟ್ಟುಬರಬೇಕಿತ್ತು. ರಶೀದಿಗಳನ್ನು ಎಂಟು ವರ್ಷ ಕಾಪಾಡಿ.

ಬೆಂಗಳೂರಿನ ಪ್ರಕಾಶಕರ ಹಣವನ್ನು ಹೇಳಲೇಬೇಕು. ಇಲ್ಲಿ ವಾಸವಾಗಿ, ಇಲ್ಲಿ ಕೂತು ಬರೆದ ಚಿತ್ರದ ಹಣ ಯಾವ ಖಾತೆಗೆ ಬಿದ್ದರೂ ಇಲ್ಲಿಯ ಆದಾಯ. ಅಲ್ಲಿ ಮೂಲದಲ್ಲೇ ತೆರಿಗೆ ಹಿಡಿದಿದ್ದರೆ ಅದರ ಪತ್ರ ತರಿಸಿಕೊಳ್ಳಿ, 1995ರಲ್ಲಿ ಎರಡು ದೇಶಗಳು ಸಹಿ ಮಾಡಿದ ಒಪ್ಪಂದದ ಪ್ರಕಾರ ಅದರ ಲೆಕ್ಕ ನೋಡಬೇಕಾಗುತ್ತದೆ. ಮೈಸೂರಿನ ಉಳಿತಾಯ ಖಾತೆಯನ್ನು ಇನ್ನೂ, ಅನಿವಾಸಿ ಭಾರತೀಯರು ಊರಿನ ಆದಾಯಕ್ಕೆ ಇಡುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಲ್ಲವಾದರೆ ಬದಲಿಸಿ. ಅನಿವಾಸಿಗಳು ವಿದೇಶದ ಗಳಿಕೆಯನ್ನು ಊರಿನ ಬ್ಯಾಂಕಿನಲ್ಲಿಡುವ ಎನ್‌ಆರ್‌ಇ ಠೇವಣಿಯ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಇಲ್ಲಿ ಇದೆ. ಇದು ನಮ್ಮವರು ಬಹಳ ಮಂದಿಗೆ ಕೇಳಲು ಇಷ್ಟವಿಲ್ಲದ ಮಾತು.

ತೆರಿಗೆ ಸಲಹೆಗಾರರು ಬೇಕೆ ಎಂದರೆ, ಮೊದಲ ವರ್ಷಕ್ಕಂತೂ ಬೇಕು. ಊರಿನ ಸಿಎ ಹಾಗೆ ಜುಲೈ ಕೊನೆಯ ವಾರದಲ್ಲಿ ಎಲ್ಲವನ್ನೂ ಸರಿಮಾಡಿ ಕೊಡುತ್ತಾರೆಂದು ಮಾತ್ರ ಎಣಿಸಬೇಡಿ. ಸಲಹೆಗಾರರ ಮೂಲಕ ಸಲ್ಲಿಸಿದರೆ ಜುಲೈ 31ರ ಗಡುವು ಸುಮಾರು ಏಳು ತಿಂಗಳು ಮುಂದಕ್ಕೆ ಹೋಗುತ್ತದೆ. ಆ ಅವಧಿಯನ್ನು ತೆಗೆದುಕೊಳ್ಳಬೇಡಿ, ತೆರಿಗೆಯ ಬಿಲ್ಲು ತಡವಾದಷ್ಟೂ ಅದರ ಬೆನ್ನಿಗೆ ಬರುವ ಮುಂಗಡಗಳ ರಾಶಿ ಬೆಳೆಯುತ್ತದೆ. ಮೊದಲ ಭೇಟಿಗೆ ಹೋಗುವಾಗ ಗಂಡನ ಸಂಬಳದ ಚೀಟಿ, ಕೆಎಸ್‌ಕೆಗೆ ಬರೆದ ಪತ್ರದ ಪ್ರತಿ, ಬೆಂಗಳೂರಿನವರ ಕರಾರು ಮತ್ತು ನಿಮ್ಮ ವಿಮಾ ಸಂಖ್ಯೆ ಕೈಯಲ್ಲಿರಲಿ. ಗಂಡನನ್ನೂ ಕರೆದುಕೊಂಡು ಹೋಗಿ, ನಿರ್ಣಯಪತ್ರ ಬರುವುದು ಇಬ್ಬರ ಹೆಸರಿಗೆ.