ಮಾತಿನ ಬಾಲ ಬಿಡಬೇಡ

ಅಕ್ಕ ಅಂತ ಕರೆದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ಬೆಂಗಳೂರಲ್ಲಿ ಜರ್ಮನ್ ಭಾಷೆಯ ಗೋಥೆ ಬಿ1 ಪರೀಕ್ಷೆ ಬರೆದೆ, ಓದು, ಬರಹ, ಮಾತು ಮೂರೂ ಪಾಸ್, ಹ್ಯೋರೆನ್‌ನಲ್ಲಿ, ಅಂದರೆ ಕೇಳಿ ಉತ್ತರಿಸುವ ಭಾಗದಲ್ಲಿ ಮಾತ್ರ 100ಕ್ಕೆ 57 ಬಂತು ಅಂದಿದ್ದೀಯ. ಸ್ಟುಟ್‌ಗಾರ್ಟಿಗೆ ಬಂದು ಎರಡು ತಿಂಗಳಾದರೂ ಜನರ ಮಾತು ಕಿವಿಗೆ ಹತ್ತುತ್ತಿಲ್ಲ ಅಂತಲೂ ಬರೆದಿದ್ದೀಯ. ಜೊತೆಗೆ ಅಕ್ಕಿ, ಚಳಿಯ ವಿಚಾರ ಬೇರೆ.

ಅಕ್ಕಿ, ಬೇಳೆ ಎಲ್ಲ ಸಿಗುತ್ತದೆ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ತಂದಿಟ್ಟುಕೋ. ಜಾಕೆಟ್ ಇಲ್ಲೇ ತಗೋ.

ಈಗ ಹ್ಯೋರೆನ್. 57 ಅಂದರೆ 30ರಲ್ಲಿ 17 ಸರಿ. 18 ಆಗಿದ್ದರೆ 60, ಪಾಸ್. ಒಂದೇ ಒಂದು ಉತ್ತರ ಕಣೇ! ಆ ಭಾಗ ಒಂದನ್ನೇ ಮತ್ತೆ ಬರೆದರೆ ಸಾಕು. ಅದು 40 ನಿಮಿಷ, ಅದರೊಳಗೆ ಮತ್ತೆ ನಾಲ್ಕು ಭಾಗ. ಮೊದಲ ಮತ್ತು ನಾಲ್ಕನೆಯದನ್ನು ಎರಡು ಸಲ ಕೇಳಿಸುತ್ತಾರೆ, ಎರಡು ಮತ್ತು ಮೂರನೆಯದು ಒಂದೇ ಸಲ. ಅಲ್ಲಿ ಒಂದು ಉತ್ತರ ಕೈತಪ್ಪಿದರೆ ಅದನ್ನೇ ಯೋಚಿಸುತ್ತ ಕೂರಬೇಡ, ಮುಂದಿನದೂ ಹೋಗುತ್ತದೆ. ಯಾವುದನ್ನೂ ಖಾಲಿ ಬಿಡಬೇಡ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಗಂಟೆಯ ಲೆಕ್ಕ ಬಾಯಿಪಾಠ ಆಗಿರಲಿ. 'ಹಾಲ್ಪ್ ಆಖ್ಟ್' ಅಂದರೆ ಏಳೂವರೆ, ಎಂಟೂವರೆ ಅಲ್ಲ.

ಆದರೆ ನಾನು ನಿನಗೆ ಹೇಳಲೇಬೇಕಾದದ್ದು ಬೇರೆ ಇದೆ. ನಾನು 2009ರಲ್ಲಿ ಇಲ್ಲಿಗೆ ಬಂದೆ. ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ದಿನಾ ಬೆಳಿಗ್ಗೆ ಮೆಟ್ಟಿಲ ಹತ್ತಿರ ನಿಲ್ಲಿಸಿ ಮಾತಾಡಿಸುತ್ತಿದ್ದರು. ಅರ್ಥ ಆಗಲಿ ಬಿಡಲಿ, ನಾನು ನಗುತ್ತ 'ಯಾ, ಯಾ', ಅಂದರೆ ಹೌದು ಹೌದು ಅನ್ನುತ್ತಿದ್ದೆ. ಒಂದು ದಿನ ಅವರು 'ಇಷ್ ತ್ಸೀಯೆ ನೆಕ್ಸ್ಟೆ ವೊಖೆ ಔಸ್' ಅಂದರು. ನನಗೆ ಸಿಕ್ಕಿದ್ದು 'ಮುಂದಿನ ವಾರ' ಅಷ್ಟೇ. 'ತ್ಸೀಯೆ' ಅಂದರೆ ಎಳೆಯುವುದು ಅಲ್ವಾ, ಏನನ್ನು ಎಳೆಯುತ್ತಾರೆ ಅಂತ ತಲೆಯಲ್ಲೇ ಹುಡುಕುತ್ತಿದ್ದೆ. ಕೊನೆಯ 'ಔಸ್' ಕೇಳಿಸಲೇ ಇಲ್ಲ. ಅದು ಸೇರಿದರೆ 'ಮನೆ ಖಾಲಿ ಮಾಡುತ್ತಿದ್ದೇನೆ' ಅಂತ. ನಾನು 'ಯಾ, ಶ್ಯೋನ್' ಅಂದೆ. ಒಳ್ಳೆಯದಾಯಿತು ಅಂದ ಹಾಗೆ. ಅವರ ಮುಖ ಸಣ್ಣಗಾಯಿತು, ಯಾಕೆ ಅಂತ ತಿಳಿಯಲಿಲ್ಲ. ಮುಂದಿನ ವಾರ ಕೆಲಸದಿಂದ ಬಂದಾಗ ಬಾಗಿಲ ಮೇಲೆ ಅವರ ಹೆಸರಿರಲಿಲ್ಲ. ಅಕ್ಕಪಕ್ಕದವರು ಮನೆ ಬಿಟ್ಟು ಹೋಗುವಾಗ ನಾವು ಹೇಗೆ ಕಳಿಸಿಕೊಡುತ್ತೇವೆ, ನಿನಗೆ ಗೊತ್ತಲ್ಲ. ಅರಿಶಿನ ಕುಂಕುಮ ಇರಲಿ, ಒಂದು ಲೋಟ ಕಾಫಿ ಕೂಡ ನಾನು ಅವರಿಗೆ ಕೊಡಲಿಲ್ಲ. ಎಲ್ಲಿಗೆ ಹೋದರು ಅಂತಲೂ ಕೇಳಿಕೊಳ್ಳಲಿಲ್ಲ. ಇವತ್ತಿಗೂ ಆ ಮೆಟ್ಟಿಲು ನೆನೆದರೆ ಸಂಕಟವಾಗುತ್ತದೆ.

ನಮಗೆ ಕೊನೆಯವರೆಗೆ ಕಾಯುವುದು ಹೊಸದಲ್ಲ. 'ನಾಳೆ ನಿಮ್ಮ ಮನೆಗೆ ಊಟಕ್ಕೆ' ಅಂದ ಮೇಲೆ 'ಬರ್ತೀನಿ'ಯೋ 'ಬರಲ್ಲ'ವೋ, ಕೊನೆಗೇ ತಾನೇ ತಿಳಿಯುವುದು? ಜರ್ಮನ್‌ನಲ್ಲೂ ಹಾಗೇ. 'ಸಾಗೆ' (ಹೇಳುತ್ತೇನೆ) ಕೇಳಿಸಿತು ಅಂತ ನಿಲ್ಲಬೇಡ. ಬಾಲದಲ್ಲಿ 'ತ್ಸೂ' ಬಂದರೆ ಒಪ್ಪಿದರು, 'ಆಪ್' ಬಂದರೆ ಬರುವುದಿಲ್ಲ ಅಂದರು. ಕೇಳುತ್ತಲೇ ಕನ್ನಡಕ್ಕೋ ಇಂಗ್ಲಿಷಿಗೋ ತಿರುಗಿಸಲು ಹೋದರೆ ಬಾಲ ತಪ್ಪಿಹೋಗುತ್ತದೆ.

ಜರ್ಮನಿಯ ಸುದ್ದಿಸಂಸ್ಥೆ ಡಾಯ್ಚೆ ವೆಲ್ಲೆಯಲ್ಲಿ ನಿಧಾನವಾಗಿ ಓದುವ ಸುದ್ದಿ ಇದೆ, ಬರಹವೂ ಜೊತೆಗೆ ಇರುತ್ತದೆ. ಮೊದಲು ಸುಮ್ನೆ ಕೇಳು, ಆಮೇಲೆ ಬರಹ ನೋಡುತ್ತ, ಮತ್ತೆ ನೋಡದೆ. ದಿನಾ ಹತ್ತು ನಿಮಿಷ ಸಾಕು. ರೈಲು ನಿಲ್ದಾಣದಲ್ಲಿ ಕಿವಿಯಿಂದ ಇಯರ್‌ಫೋನ್ ತೆಗೆ. 'ಫೆಲ್ಟ್ ಹಾಯ್ಟೆ ಔಸ್' ಅಂದರೆ ರೈಲು ಇವತ್ತು ಇಲ್ಲ ಅಂತ. ಇಲ್ಲೂ ಅದೇ 'ಔಸ್' ನೋಡು. ಅರ್ಥ ಆಗದಿದ್ದರೆ 'ವೀ ಬಿಟೆ?' (ಏನಂದಿರಿ?) ಅಂತ ಕೇಳು, ಮೂರು ಸಲ ಬೇಕಾದರೂ ಕೇಳು. ಪರೀಕ್ಷೆಯಲ್ಲಿ ಕೇಳಲಾಗದು, ಮೆಟ್ಟಿಲಲ್ಲಿ ಕೇಳಬಹುದು.

ಭಾನುವಾರ ಸಂಜೆ ಫೋನ್ ಮಾಡು. ಮೊದಲ ಅರ್ಧ ಗಂಟೆ ಜರ್ಮನ್‌ನಲ್ಲೇ ಮಾತಾಡೋಣ. ಆಮೇಲೆ ಊರಿನ ಸುದ್ದಿ ಎಲ್ಲ ಕನ್ನಡದಲ್ಲಿ ಹೇಳುವೆಯಂತೆ.