‘ಬಾ’ ಪದಕ್ಕೆ ಬೇರೆ ಭಾಷೆಗಳಲ್ಲೂ ಅರ್ಥ ಇದೆಯಾ? ಎಲ್ಲದರ ಮೂಲ ಒಂದೇನಾ?

ಅರ್ಥ ಬೇಕಾದಷ್ಟಿವೆ, ಆದರೆ ಮೂಲ ಒಂದೇ ಅಲ್ಲ.

ನಮ್ಮ ‘ಬಾ’ ಅಪ್ಪಟ ದ್ರಾವಿಡ ಪದ. ತಮಿಳಿನಲ್ಲಿ ‘ವಾ’, ತೆಲುಗಿನಲ್ಲಿ ‘ರಾ’, ಮೂರೂ ಒಂದೇ ಬೇರಿನವು. ಪದದ ಮೊದಲಿಗೆ ಬರುವ ‘ವ’ ಕನ್ನಡದಲ್ಲಿ ‘ಬ’ ಆಗುತ್ತದೆ: ತಮಿಳಿನ ‘ವಾಯ್’ ನಮ್ಮಲ್ಲಿ ಬಾಯಿ, ‘ವಾಳೈ’ ನಮ್ಮಲ್ಲಿ ಬಾಳೆ. ಇದು ಗೊತ್ತಾದರೆ ಎಷ್ಟೋ ತಮಿಳು ಪದಗಳು ತಾವಾಗೇ ಅರ್ಥವಾಗುತ್ತವೆ.

ನಮ್ಮ ಬೆಳಗಾವಿಯಲ್ಲಿ ಇನ್ನೊಂದು ‘ಬಾ’ ದಿನಾ ಕಿವಿಗೆ ಬೀಳುತ್ತದೆ. ಒಂದೇ ಓಣಿಯಲ್ಲಿ ಒಬ್ಬರು “ಒಳಗ ಬಾರೋ ತಮ್ಮಾ” ಅಂತ ಕರೆಯುತ್ತಿದ್ದರೆ ಪಕ್ಕದ ಮನೆಯಲ್ಲಿ ವಿಠೋಬಾನ ಭಜನೆ ನಡೆದಿರುತ್ತದೆ. ವಿಠೋಬಾ, ಖಂಡೋಬಾ, ಜೋತಿಬಾ, ಈ ಹೆಸರುಗಳ ಕೊನೆಯ ‘ಬಾ’ ಮರಾಠಿಯದು, ತಂದೆ ಅನ್ನೋ ಗೌರವದ್ದು. ನಮ್ಮ ‘ಬಾ’ಗೂ ಇದಕ್ಕೂ ಸಂಬಂಧವಿಲ್ಲ.

ಗುಜರಾತಿಯಲ್ಲಿ ‘ಬಾ’ ಅಂದರೆ ತಾಯಿ, ಕಸ್ತೂರಬಾ ಅವರನ್ನು ಎಲ್ಲರೂ ಪ್ರೀತಿಯಿಂದ ಹಾಗೇ ಕರೆಯುತ್ತಿದ್ದರು. ಚೀನೀ ಭಾಷೆಯಲ್ಲಂತೂ ಸ್ವರದ ಏರಿಳಿತದ ಮೇಲೆ ಅರ್ಥ ನಿಂತಿದೆ: ಒಂದೇ ಎತ್ತರದಲ್ಲಿ ಎಳೆದು ಹೇಳಿದರೆ 8, ಮೇಲಿಂದ ಕೆಳಗೆ ಇಳಿಸಿ ಹೇಳಿದರೆ ಅಪ್ಪ! ವಿಯೆಟ್ನಾಮಿನಲ್ಲಿ 3, ಅದರ ದಕ್ಷಿಣ ಭಾಗದಲ್ಲಿ ಅಪ್ಪನೂ ಹೌದು.

ಅಪ್ಪ-ಅಮ್ಮ ಅನ್ನೋ ಅರ್ಥ ಇಷ್ಟು ಕಡೆ ಯಾಕೆ ಅಂದರೆ, ಕೂಸುಗಳು ಮೊದಮೊದಲು ತೊದಲೋದು ಪ, ಬ, ಮ ತರಹದ ತುಟಿಯ ಅಕ್ಷರಗಳನ್ನೇ ಅಲ್ವಾ? ಹೆತ್ತವರು ಅದನ್ನು ತಮ್ಮ ಹೆಸರು ಮಾಡಿಕೊಳ್ಳುತ್ತಾರೆ.