ಫ್ಲೆಕ್ಸ್‌ಬಾಕ್ಸಾ, ಗ್ರಿಡ್ಡಾ, ಸೀದಾ ಟೇಲ್‌ವಿಂಡಾ? ಯಾವುದರಿಂದ ಶುರು ಮಾಡ್ಲಿ?

ವೆಬ್ ಪೇಜಿನ ಡಬ್ಬಗಳನ್ನ ಜೋಡಿಸೋಕೆ ಸಿಎಸ್‌ಎಸ್ಸಿನ (ಪೇಜ್ ಹೇಗೆ ಕಾಣ್ಬೇಕು ಅಂತ ಹೇಳೋ ಭಾಷೆ) ಫ್ಲೆಕ್ಸ್‌ಬಾಕ್ಸ್ ಕಲೀಲಾ, ಗ್ರಿಡ್ ಕಲೀಲಾ, ಇಲ್ಲಾ ರೆಡಿಮೇಡ್ ಸಿಎಸ್‌ಎಸ್ ಕ್ಲಾಸುಗಳ ಟೇಲ್‌ವಿಂಡಿಗೇ ಹೋಗ್ಲಾ ಅಂತ ಕೇಳಿದೀರಿ. ನಿಮ್ಮ ಪ್ರಶ್ನೆ ಉದ್ದಕ್ಕಿದೆ, ಆದ್ರೆ ನನ್ನ ಕಣ್ಣು ನಿಂತಿದ್ದು ನಡುವೆ ಬಂದ ಒಂದೇ ಸಾಲಿನ ಮೇಲೆ. ಕಾಲೇಜ್ ಪ್ರಾಜೆಕ್ಟಿಗೆ ಊರಿನ ಬಸ್ ಟೈಮಿಂಗ್ ಪೇಜ್ ಮಾಡ್ತಿದೀನಿ, ಮೊಬೈಲಲ್ಲಿ ಪೇಜ್ ಅಡ್ಡಡ್ಡ ಜಾರ್ತಿತ್ತು, ಓವರ್‌ಫ್ಲೋ-ಎಕ್ಸ್ ಹಿಡನ್ (ಅಡ್ಡಕ್ಕೆ ಹೊರಗೆ ಹೋದದ್ದನ್ನ ಮುಚ್ಚಿಬಿಡೋ ಸಾಲು) ಹಾಕಿದ ಮೇಲೆ ಸರಿ ಹೋಯ್ತು ಅಂತ ಬರ್ದಿದೀರಲ್ಲ, ಅದು. ಸರಿ ಹೋಗಿಲ್ಲ. ಇದೇ ಸಾಲನ್ನ ನಾನೂ 2019ರ ಮಳೆಗಾಲದಲ್ಲಿ ಬರ್ದಿದ್ದೆ, ಅದರಿಂದ ಏನಾಯ್ತು ಅಂತ ಮೊದಲು ಹೇಳಿಬಿಡ್ತೀನಿ, ಫ್ಲೆಕ್ಸ್ ಗ್ರಿಡ್ ವಿಷಯ ಆಮೇಲೆ.

ಆಗ ನಾನು ಹುಬ್ಬಳ್ಳಿಲಿ ಕೂತು ಫ್ರೀಲ್ಯಾನ್ಸ್ ಕೆಲಸ ಮಾಡ್ತಿದ್ದೆ. ಶಿರಸಿ ಕಡೆಯ ಒಬ್ಬರು ಅಡಿಕೆ ವ್ಯಾಪಾರಿ, ವಯಸ್ಸಾದವರು, ದಿನಾ ಸಂಜೆ ಧಾರಣೆ ಹಾಕೋಕೆ ಒಂದು ವೆಬ್‌ಸೈಟ್ ಬೇಕು ಅಂದ್ರು. ಅವರ ಅಂಗಡಿ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ಬರೀತಿದ್ದಿದ್ದನ್ನೇ ಫೋನಲ್ಲಿ ತೋರಿಸ್ಬೇಕು, ಅಷ್ಟೇ: ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು ಅಂತ ಅಡಿಕೆಯ ಬಗೆಗಳು, ಒಂದೊಂದಕ್ಕೂ ಕ್ವಿಂಟಲಿಗೆ ಕನಿಷ್ಠ ಎಷ್ಟು, ಸರಾಸರಿ ಎಷ್ಟು, ಗರಿಷ್ಠ ಎಷ್ಟು. ನೋಡೋರು ತೋಟದವರು. ಮನೇಲಿ ಮೂಟೆ ಕಟ್ಟಿಟ್ಟುಕೊಂಡು ಇವತ್ತು ಹಾಕ್ಲಾ, ಇನ್ನೊಂದು ವಾರ ತಡೀಲಾ ಅಂತ ಯೋಚನೆ ಮಾಡೋರು. ಅವರಿಗೆ ಬೇಕಾಗಿದ್ದು ಮುಖ್ಯವಾಗಿ ಆ ಕೊನೆಯ ಅಂಕಿ.

ನಾನು ಆಗ ಎಲ್ಲಾ ಕಾರ್ಡ್ ಡಿಸೈನಲ್ಲೇ ಮಾಡ್ತಿದ್ದೆ. ಒಂದೊಂದು ಬಗೆಗೆ ಒಂದು ಅಡ್ಡ ಪಟ್ಟಿ, ಅದಕ್ಕೆ ಡಿಸ್‌ಪ್ಲೇ ಫ್ಲೆಕ್ಸ್ (ಒಳಗಿನ ಡಬ್ಬಗಳನ್ನ ಅಕ್ಕಪಕ್ಕ ಕೂರಿಸೋ ಫ್ಲೆಕ್ಸ್‌ಬಾಕ್ಸ್), ಎಡಕ್ಕೆ ಹೆಸರಿನ ಡಬ್ಬ, ಬಲಕ್ಕೆ ಮೂರು ಅಂಕಿ ಡಬ್ಬ, ಕೆಳಗೆ ಒಂದು ತೆಳ್ಳನೆ ಗೆರೆ. ಹೆಸರು ಉದ್ದ ಆದ್ರೆ ಕೊನೇಲಿ ಮೂರು ಚುಕ್ಕಿ ಬರ್ಲಿ ಅಂತ ಡಬ್ಬದ ಒಳಗಿನ ಹೆಡಿಂಗಿಗೆ ನೋ-ರ‍್ಯಾಪ್, ಓವರ್‌ಫ್ಲೋ ಹಿಡನ್, ಎಲಿಪ್ಸಿಸ್ ಮೂರೂ ಹಾಕಿದ್ದೆ, ಅಂದ್ರೆ ಸಾಲು ಮುರೀಬೇಡ, ಹೊರಗೆ ಹೋದದ್ದು ಮುಚ್ಚು, ಅಲ್ಲಿ ಚುಕ್ಕಿ ಹಾಕು ಅಂತ. ಟೆಸ್ಟ್ ಮಾಡಿದ್ದು ಹೇಗೆ ಅಂದ್ರೆ ಇಂಗ್ಲಿಷಲ್ಲಿ ಶಿರಸಿ ರಾಶಿ ಅಂತ ಒಂದು ಕಾರ್ಡ್ ಮಾಡಿ ಅದನ್ನೇ ಹತ್ತು ಸಲ ಕಾಪಿ ಪೇಸ್ಟ್. ಚೆನ್ನಾಗೇ ಕಂಡಿತ್ತು.

ಮಾರನೇ ದಿನ ಪೇಜ್ ಲೈವ್ ಆಗ್ಬೇಕು ಅನ್ನೋ ರಾತ್ರಿ ಅವರು ನಿಜವಾದ ಡೇಟಾ ಕನ್ನಡದಲ್ಲಿ ತುಂಬಿದ್ರು. ತುಂಬಿದ ಕೂಡ್ಲೇ ಪೇಜ್ ಅಡ್ಡ ಜಾರೋಕೆ ಶುರುವಾಯ್ತು. ಇಲ್ಲೇ ನನ್ನ ತಪ್ಪು ಇರೋದು, ಸ್ವಲ್ಪ ಬಿಡಿಸಿ ಹೇಳ್ತೀನಿ. ನಾನು ಬೂಟ್‌ಸ್ಟ್ರ್ಯಾಪ್ 4 (ಇನ್ನೊಂದು ರೆಡಿಮೇಡ್ ಸಿಎಸ್‌ಎಸ್ ಕಟ್ಟು) ಬಳಸ್ತಿದ್ದೆ. ಅದರಲ್ಲಿ ರೋ ಕ್ಲಾಸಿಗೆ ಎಡಬಲ ಮೈನಸ್ 15 ಪಿಕ್ಸೆಲ್ ಮಾರ್ಜಿನ್ ಇರತ್ತೆ, ಸುತ್ತ ಕಂಟೇನರ್ ಅನ್ನೋ ಡಬ್ಬ ಇಲ್ದೆ ರೋ ಇಟ್ರೆ ಪೇಜ್ 15 ಪಿಕ್ಸೆಲ್ ಹೊರಗೆ ಚಾಚ್ಕೊಳತ್ತೆ. ಇದು ಆಗ ಎಲ್ಲರಿಗೂ ಗೊತ್ತಿದ್ದ ಕಾಯಿಲೆ, ಎಲ್ಲರೂ ಕೊಡ್ತಿದ್ದ ಔಷಧಿ ಓವರ್‌ಫ್ಲೋ-ಎಕ್ಸ್ ಹಿಡನ್. ಹಾಗಾಗಿ ಇದೂ ಅದೇ ಅಂದ್ಕೊಂಡು ಇಡೀ ಪೇಜನ್ನ ಸುತ್ತಿರೋ ಹೊರಗಿನ ಡಬ್ಬಕ್ಕೆ, ಅಂದ್ರೆ ರ‍್ಯಾಪರಿಗೆ ಆ ಸಾಲು ಹಾಕ್ದೆ. ಎಷ್ಟು ಪಿಕ್ಸೆಲ್ ಹೊರಗೆ ಹೋಗಿದೆ ಅಂತ ಅಳೀಲಿಲ್ಲ. ಅಳೆದಿದ್ರೆ 15 ಅಲ್ಲ, 78 ಅಂತ ಆವತ್ತೇ ಗೊತ್ತಾಗ್ತಿತ್ತು. ಬ್ರೌಸರ್ ಕಿಟಕಿ ಚಿಕ್ಕದು ಮಾಡ್ದೆ, ಅಡ್ಡ ಜಾರೋದು ನಿಂತಿತ್ತು, ಮೇಲಿನ ಮೊದಲ ಕಾರ್ಡ್ ನೋಡ್ದೆ, ಸರಿ ಇತ್ತು, ಮಲಗಿದೆ.

ಬೆಳಿಗ್ಗೆ ಇನ್ನೊಂದು ಕೆಟ್ಟಿತ್ತು, ಮೇಲೆ ಅಂಟ್ಕೊಂಡಿರ್ಬೇಕಾದ ತಾರೀಖಿನ ಪಟ್ಟಿ ಸ್ಕ್ರೋಲ್ ಮಾಡಿದ್ರೆ ಮೇಲಕ್ಕೆ ಹೊರಟೇ ಹೋಗ್ತಿತ್ತು. ಪೊಸಿಷನ್ ಸ್ಟಿಕಿ ಅನ್ನೋದು ತನಗೆ ಹತ್ತಿರದ ಸ್ಕ್ರೋಲ್ ಡಬ್ಬಕ್ಕೆ ಅಂಟ್ಕೊಳತ್ತೆ, ರ‍್ಯಾಪರಿಗೆ ಓವರ್‌ಫ್ಲೋ ಹಿಡನ್ ಹಾಕಿದ್ರೆ ಅದೇ ಸ್ಕ್ರೋಲ್ ಡಬ್ಬ ಆಗ್ಬಿಡತ್ತೆ, ಅದು ತಾನಾಗಿ ಸ್ಕ್ರೋಲ್ ಆಗಲ್ಲ, ಸ್ಟಿಕಿ ಕೆಲಸ ಮಾಡಲ್ಲ. ನನಗೆ ಇದು ಗೊತ್ತಿರಲಿಲ್ಲ. ಸ್ಟಿಕಿಲೇ ಏನೋ ಬಗ್ ಇದೆ ಅಂದ್ಕೊಂಡು 40 ಸಾಲು ಜಾವಾಸ್ಕ್ರಿಪ್ಟ್ ಬರ್ದು ಸ್ಕ್ರೋಲ್ ಆದಾಗೆಲ್ಲ ಆ ಪಟ್ಟೀನ ಮೇಲೆ ಕೂರಿಸ್ದೆ. ಪೇಜ್ ಭಾರ ಆಯ್ತು, ಹಳೇ ಫೋನಲ್ಲಿ ತಡೆದು ತಡೆದು ಓಡ್ತಿತ್ತು.

ಎಂಟು ದಿನ ಆದ್ಮೇಲೆ ಫೋನ್ ಬಂತು.

"ಎಂತ ಮಾರಾಯ ಇದು, ರಾಶಿಗೆ ಗರಿಷ್ಠ ಹಾಕಿದೀರಿ, ತಟ್ಟಿಬೆಟ್ಟೆಗೆ ಎಂತಕ್ಕೆ ಹಾಕಿಲ್ಲ ಅಂತ ಕೇಳ್ತಾ ಇದ್ದಾರೆ ಎಲ್ಲಾ."

ನಾನು ಲ್ಯಾಪ್‌ಟಾಪಲ್ಲಿ ನೋಡಿ, ಇದೆಯಲ್ಲ ಸರ್, ಕಾಣ್ತಿದೆ ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ, "ಮೂವತ್ತು ವರ್ಷ ಆಯ್ತು ಅಂಗಡಿ ಇಟ್ಟು. ಜಾಸ್ತಿ ರೇಟು ಮುಚ್ಚಿಟ್ಟು ಕಮ್ಮಿ ರೇಟು ತೋರಿಸ್ತಾನೆ ಅಂತ ಇವತ್ತಿನ ತನಕ ಯಾರೂ ಅಂದಿರ್ಲಿಲ್ಲ" ಅಂದ್ರು. ಆ ಮಾತು ಈಗ್ಲೂ ಕಿವೀಲಿ ಇದೆ.

ಬಸ್ ಹತ್ತಿ ಶಿರಸಿಗೆ ಹೋದೆ. ಅಂಗಡೀಲಿ ಕೂತಿದ್ದ ಒಬ್ಬರ ಫೋನ್ ಇಸ್ಕೊಂಡು ನೋಡ್ದೆ. 360 ಪಿಕ್ಸೆಲ್ ಅಗಲದ ಸಾಮಾನ್ಯ ಆಂಡ್ರಾಯ್ಡ್. ರಾಶಿಗೆ ಮೂರೂ ಅಂಕಿ ಇದೆ. ಕೆಳಗೆ ಯಲ್ಲಾಪುರ ತಟ್ಟಿಬೆಟ್ಟೆಗೆ ಬಂದ್ರೆ ಹೆಸರು, ಕನಿಷ್ಠ, ಸರಾಸರಿ, ಅಷ್ಟಕ್ಕೆ ಸ್ಕ್ರೀನ್ ಮುಗಿದಿದೆ. ಅಂಕಿ ಅರ್ಧ ಕತ್ತರಿಸಿದ ಹಾಗೆ ಕಂಡಿದ್ರೂ ಏನೋ ಕೆಟ್ಟಿದೆ ಅಂತ ಅವರಿಗೆ ಅನ್ನಿಸ್ತಿತ್ತು, ಗರಿಷ್ಠದ ಡಬ್ಬ ಪೂರ್ತಿ ಹೊರಗೆ ಹೋಗಿದ್ರಿಂದ ಅಲ್ಲಿ ಅಂಥದ್ದೊಂದು ಇತ್ತು ಅನ್ನೋ ಗುರುತೇ ಇಲ್ಲ. ಬೆರಳಲ್ಲಿ ಎಳೆದು ನೋಡೋಣ ಅಂದ್ರೆ ನಾನೇ ಹಿಡನ್ ಹಾಕಿದೀನಿ, ಪೇಜ್ ಜರುಗಲ್ಲ. ಹೆಸರು ಉದ್ದ ಇದ್ದ ಬಗೆಗಳಿಗೆಲ್ಲ ಹೀಗೇ ಆಗಿತ್ತು.

ಯಾಕೆ ಹಾಗಾಯ್ತು ಅನ್ನೋದನ್ನ ದಯವಿಟ್ಟು ನಿಧಾನವಾಗಿ ಓದಿ, ಯಾಕಂದ್ರೆ ನಿಮ್ಮ ಪೇಜಲ್ಲೂ ಹೆಚ್ಚುಕಮ್ಮಿ ಇದೇ ಇರತ್ತೆ. ಫ್ಲೆಕ್ಸ್ ಒಳಗಿನ ಐಟಮ್ಮಿಗೆ ನೀವೇನೂ ಹೇಳ್ದೇ ಇದ್ರೆ ಮಿನ್-ವಿಡ್ತ್ (ಕನಿಷ್ಠ ಅಗಲ) ಸೊನ್ನೆ ಅಲ್ಲ, ಆಟೋ. ಆಟೋ ಅಂದ್ರೆ ನನ್ನೊಳಗೆ ಮುರಿಯೋಕಾಗದ ಅತಿ ಉದ್ದದ ತುಂಡು ಎಷ್ಟಿದೆಯೋ ಅದಕ್ಕಿಂತ ನಾನು ಕುಗ್ಗಲ್ಲ ಅಂತ ಅರ್ಥ. ಮಾಮೂಲಿ ಬರಹದಲ್ಲಿ ಆ ತುಂಡು ಅಂದ್ರೆ ಒಂದು ಪದ. ನಾನು ನೋ-ರ‍್ಯಾಪ್ ಹಾಕಿದ್ರಿಂದ ಇಡೀ ಹೆಸರೇ ಒಂದು ತುಂಡಾಯ್ತು, 188 ಪಿಕ್ಸೆಲ್. ಅಂಕಿ ಡಬ್ಬಗಳು 78ರಂತೆ ಮೂರು, 234. ಒಟ್ಟು 422. ಎಡಬಲ 16 ಬಿಟ್ರೆ ಇರೋ ಜಾಗ 328. ಎಡದ 16 ಸೇರಿಸಿದ್ರೆ 438, ಸ್ಕ್ರೀನ್ 360, ಹೊರಗೆ ಹೋಗಿದ್ದು ಆ 78. ಹೆಸರಿನ ಡಬ್ಬ ಕುಗ್ಗಿದ್ರೆ ಎಲ್ಲಾ ಹಿಡೀತಿತ್ತು, ಅದು ಕುಗ್ಗಲಿಲ್ಲ. ಒಳಗಿನ ಹೆಡಿಂಗಿಗೆ ಎಲಿಪ್ಸಿಸ್ ಇದೆಯಲ್ಲ ಅಂತ ನಾನು ನಂಬ್ಕೊಂಡಿದ್ದೆ, ಆದ್ರೆ ಹೊರಗಿನ ಡಬ್ಬ ಚಿಕ್ಕದಾದ್ರೆ ತಾನೇ ಒಳಗಿನ ಹೆಡಿಂಗ್ ಚುಕ್ಕಿ ಹಾಕೋದು, ಡಬ್ಬಾನೇ ಅಗಲ ಆಗಿ ಜಾಗ ಕೊಟ್ರೆ ಚುಕ್ಕಿಗೆ ಕೆಲಸಾನೇ ಇಲ್ಲ. ಫೈರ್‌ಫಾಕ್ಸಿನ ಫ್ಲೆಕ್ಸ್ ಇನ್‌ಸ್ಪೆಕ್ಟರಲ್ಲಿ ಆ ಐಟಂ ಮೇಲೆ ಕ್ಲಿಕ್ ಮಾಡಿದಾಗ ಇದು ತನ್ನ ಮಿನಿಮಮ್ ಸೈಜಿಗೆ ಬಂದು ನಿಂತಿದೆ ಅಂತ ಚಿತ್ರ ಸಮೇತ ತೋರಿಸ್ತು. ಹೆಸರಿನ ಡಬ್ಬಕ್ಕೆ ಮಿನ್-ವಿಡ್ತ್ ಸೊನ್ನೆ ಅಂತ ಒಂದು ಸಾಲು ಬರ್ದೆ, ಮೂರೂ ಅಂಕಿ ಒಳಗೆ ಬಂದ್ವು. ರ‍್ಯಾಪರಿನ ಹಿಡನ್ ತೆಗೆದೆ, ಸ್ಟಿಕಿ ತಾನಾಗೇ ಸರಿಯಾಯ್ತು, 40 ಸಾಲು ಜಾವಾಸ್ಕ್ರಿಪ್ಟೂ ಹೋಯ್ತು.

ಆದ್ರೂ ಪೂರ್ತಿ ಸರಿ ಆಗಿರಲಿಲ್ಲ. ಈಗ ಹೆಸರು ಚುಕ್ಕಿ ಚುಕ್ಕಿ, ಯಾವ ಮಾರ್ಕೆಟ್ಟು, ಯಾವ ಬಗೆ ಅಂತ ತಿಳೀತಿರಲಿಲ್ಲ. ಜೊತೆಗೆ ನಾನು ಹೆಡಿಂಗಿಗೆ ಲೈನ್-ಹೈಟ್ (ಸಾಲಿನ ಎತ್ತರ) 1 ಇಟ್ಟಿದ್ದೆ, ಇಂಗ್ಲಿಷಲ್ಲಿ ಅದು ನಡೆಯತ್ತೆ, ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯತ್ತೆ, ಓವರ್‌ಫ್ಲೋ ಹಿಡನ್ ಅದನ್ನ ಕತ್ತರಿಸಿ ಹಾಕಿತ್ತು. ತಟ್ಟಿಬೆಟ್ಟೆ ಅನ್ನೋದು ತಟಿಬೆಟೆ ಅಂತ ಕಾಣ್ತಿತ್ತು. ಕನ್ನಡ ಸೈಟ್ ಮಾಡೋರು ಯಾರೇ ಆಗ್ಲಿ, ಲೈನ್-ಹೈಟ್ 1.6ಕ್ಕಿಂತ ಕೆಳಗೆ ಇಳಿಸ್ಬೇಡಿ. ಕೊನೆಗೆ ಚುಕ್ಕಿ ಕಿತ್ತು ಹಾಕಿ ಹೆಸರು ಎರಡು ಸಾಲಿಗೆ ಇಳಿಯೋ ಹಾಗೆ ಬಿಟ್ಟೆ.

ಅಷ್ಟೊತ್ತಿಗೆ ತಡ ಆಗಿತ್ತು. ಅವರು ತಿಂಗಳೊಳಗೆ ಸೈಟ್ ತೆಗೆಸಿ ಬೋರ್ಡ್ ಫೋಟೋ ತೆಗೆದು ವಾಟ್ಸಾಪಲ್ಲಿ ಕಳಿಸೋದಕ್ಕೆ ವಾಪಸ್ ಹೋದ್ರು. ಬಾಕಿ ಅರ್ಧ ದುಡ್ಡು ನಾನು ಕೇಳಲಿಲ್ಲ. ಅವರು ಒಬ್ಬೊಬ್ಬರಿಗೂ ಕೂರಿಸಿ ಇದು ಕಂಪ್ಯೂಟರ್ ಹುಡುಗನ ತಪ್ಪು, ನನ್ನದಲ್ಲ ಅಂತ ಹೇಳ್ಬೇಕಾಯ್ತು, ಅದಕ್ಕೆ ನಾನು ಯಾವ ಲೆಕ್ಕದಲ್ಲಿ ದುಡ್ಡು ಕಟ್ಟಿಕೊಡ್ಲಿ.

ಈಗ ನಿಮ್ಮ ಪ್ರಶ್ನೆ. ಫ್ಲೆಕ್ಸಾ ಗ್ರಿಡ್ಡಾ ಅನ್ನೋ ಆಯ್ಕೆನೇ ತಪ್ಪು, ನಾನು ಅದಕ್ಕೆ ಉತ್ತರ ಕೊಡಲ್ಲ. ಎರಡೂ ಬೇಕು, ಎರಡೂ ಸೇರಿ ಹತ್ತು ದಿನದ ಕೆಲಸ. ಗ್ರಿಡ್ 2017ರ ಮಾರ್ಚಲ್ಲೇ ಫೈರ್‌ಫಾಕ್ಸ್, ಕ್ರೋಮ್, ಸಫಾರಿ ಮೂರಕ್ಕೂ ಒಂದೇ ತಿಂಗಳಲ್ಲಿ ಬಂದಿದೆ, ಹೊಸದು ಅಂತ ಹೆದರೋ ಕಾಲ ಮುಗಿದಿದೆ. ನೀವು ಕಲೀಬೇಕಾಗಿರೋದು ಒಂದು ಡಬ್ಬ ತನ್ನ ಅಗಲಾನ ಹೇಗೆ ನಿರ್ಧಾರ ಮಾಡತ್ತೆ ಅನ್ನೋದು. ಮಿನ್-ಕಂಟೆಂಟ್, ಮ್ಯಾಕ್ಸ್-ಕಂಟೆಂಟ್ ಅಂದ್ರೇನು, ಆಟೋ ಅಂದ್ರೆ ಎಲ್ಲಿ ಏನು ಅರ್ಥ. ಇದು ಗೊತ್ತಿಲ್ದೆ ಗ್ರಿಡ್ಡಿಗೆ ಹೋದ್ರೂ ಅದೇ ಗುಂಡಿ: ಗ್ರಿಡ್ಡಲ್ಲಿ ಕಾಲಮ್ಮಿಗೆ 1ಎಫ್‌ಆರ್ (ಉಳಿದ ಜಾಗದಲ್ಲಿ ಒಂದು ಪಾಲು) ಅಂತ ಬರೆದ್ರೆ ಬ್ರೌಸರಿಗೆ ಅದು ಕನಿಷ್ಠ ಆಟೋ, ಗರಿಷ್ಠ 1ಎಫ್‌ಆರ್. ಉದ್ದದ ಪದ ಬಂದ್ರೆ ಕಾಲಮ್ ಉಬ್ಬತ್ತೆ. ಮಿನ್‌ಮ್ಯಾಕ್ಸ್ ಒಳಗೆ ಸೊನ್ನೆ, 1ಎಫ್‌ಆರ್ ಅಂತ ಬರೀಬೇಕು.

ಟೇಲ್‌ವಿಂಡ್ ಬಗ್ಗೆ ನನಗೆ ದ್ವೇಷ ಇಲ್ಲ, ಆಫೀಸಲ್ಲಿ ದಿನಾ ಬಳಸ್ತೀನಿ. ಅದರ ಗ್ರಿಡ್-ಕಾಲ್ಸ್-3 ಒಳಗೆ ಆ ಮಿನ್‌ಮ್ಯಾಕ್ಸ್ ಸೊನ್ನೆ ಆಗ್ಲೇ ಬರೆದಿಟ್ಟಿದಾರೆ, ಮಿನ್-ಡಬ್ಲ್ಯೂ-0 ಅನ್ನೋ ಕ್ಲಾಸೂ ಇದೆ. ಆದ್ರೆ ಆ ಕ್ಲಾಸ್ ಯಾವಾಗ ಹಾಕ್ಬೇಕು ಅಂತ ಟೇಲ್‌ವಿಂಡ್ ಹೇಳಲ್ಲ. ಟೇಲ್‌ವಿಂಡಿಂದಾನೇ ಶುರು ಮಾಡಿದ ಹುಡುಗರ ಕೋಡ್ ನಾನು ರಿವ್ಯೂ ಮಾಡ್ತೀನಿ, ಅಡ್ಡ ಜಾರೋ ಪೇಜ್ ಬಂದ ಕೂಡ್ಲೇ ಓವರ್‌ಫ್ಲೋ-ಎಕ್ಸ್-ಹಿಡನ್ ಕ್ಲಾಸ್ ಹಾಕ್ತಾರೆ. ಎರಡು ತಿಂಗಳು ಬರೀ ಸಿಎಸ್‌ಎಸ್ ಬರೀರಿ, ಆಮೇಲೆ ಹೋಗಿ.

ಕೋಡ್ ಫೈಲುಗಳನ್ನ ಸೇರಿಸಿ ಕಟ್ಟೋ ಟೂಲಿಗೆ ವೈಟಾ ವೆಬ್‌ಪ್ಯಾಕಾ ಅಂತಾನೂ ಕೇಳಿದೀರಿ, ವೀಟ್ ಹಾಕ್ಕೊಳ್ಳಿ, ಅದು ಫ್ರೆಂಚ್ ಪದ, ವೀಟ್ ಅಂತಾನೇ ಹೇಳೋದು, ಅದರ ಮೇಲೆ ಇನ್ನು ಒಂದು ನಿಮಿಷಾನೂ ಯೋಚನೆ ಬೇಡ. ನಿಮ್ಮ ನಿಜವಾದ ಟೂಲ್ ಬ್ರೌಸರಿನ ಡೆವ್‌ಟೂಲ್ಸ್, ಪೇಜಿನ ಒಳಗಿನ ಡಬ್ಬಗಳನ್ನ ಬಿಡಿಸಿ ತೋರಿಸೋ ಕಿಟಕಿ. ಸಿಎಸ್‌ಎಸ್ಸಲ್ಲಿ ನಕ್ಷತ್ರ ಚಿಹ್ನೆ ಹಾಕಿ ಎಲ್ಲಾ ಎಲಿಮೆಂಟಿಗೂ 1 ಪಿಕ್ಸೆಲ್ ಕೆಂಪು ಔಟ್‌ಲೈನ್ ಕೊಡಿ, ಬಾರ್ಡರ್ ಅಲ್ಲ, ಬಾರ್ಡರ್ ಜಾಗ ತಿಂದು ಲೇಔಟನ್ನೇ ಬದಲಾಯಿಸತ್ತೆ, ಔಟ್‌ಲೈನ್ ಜಾಗ ತಗೊಳಲ್ಲ. ಸ್ಕ್ರೀನ್ ದಾಟಿ ಹೋದ ಡಬ್ಬ ಕಣ್ಣಿಗೆ ಹೊಡೆಯತ್ತೆ.

ಇನ್ನೊಂದು, ಇದು ನಿಮ್ಮ ಪ್ರಾಜೆಕ್ಟಿಗೇ. ಬಸ್ ಟೈಮಿಂಗ್ ಅನ್ನೋದು ಟೇಬಲ್. ನನ್ನ ಅಡಿಕೆ ಧಾರಣೆನೂ ಟೇಬಲ್ಲೇ ಆಗಿತ್ತು, ನಾನು ಕಾರ್ಡ್ ಮಾಡೋಕೆ ಹೋದೆ. ಟೇಬಲ್ ಬಳಸ್ಬಾರ್ದು ಅಂತ ಹೇಳ್ಕೊಟ್ಟಿದ್ರೆ ಅದು ಇಡೀ ಪೇಜಿನ ಲೇಔಟಿಗೆ ಟೇಬಲ್ ಹಾಕ್ತಿದ್ದ ಹಳೇ ಕಾಲದ ಮಾತು. ಊರು, ಹೊರಡೋ ಟೈಮು, ತಲುಪೋ ಟೈಮು ಇರೋ ಪಟ್ಟಿಗೆ ಟೇಬಲ್ ಟ್ಯಾಗೇ ಸರಿ, ಕಾಲಮ್ಮುಗಳು ತಾವಾಗೇ ಒಂದರ ಕೆಳಗೊಂದು ನಿಲ್ತಾವೆ. ಬೇರೆ ಬೇರೆ ಕಾರ್ಡುಗಳ ಒಳಗಿನ ಕಾಲಮ್ ಹಾಗೆ ನಿಲ್ಲಿಸ್ಬೇಕು ಅಂದ್ರೆ ಸಬ್‌ಗ್ರಿಡ್ (ಹೊರಗಿನ ಗ್ರಿಡ್ಡಿನ ಕಾಲಮ್ಮನ್ನೇ ಒಳಗಿನದೂ ಬಳಸೋ ಸೌಲಭ್ಯ) ಬೇಕು, ಕ್ರೋಮಿಗೆ ಅದು ಬಂದಿದ್ದೇ 2023ರಲ್ಲಿ. ಟೇಬಲ್ ಅಗಲ ಜಾಸ್ತಿ ಆದ್ರೆ ಅದರ ಸುತ್ತ ಒಂದು ಡಬ್ಬ ಇಟ್ಟು ಅದಕ್ಕೆ ಓವರ್‌ಫ್ಲೋ-ಎಕ್ಸ್ ಆಟೋ ಕೊಡಿ, ಹಿಡನ್ ಅಲ್ಲ. ಆಟೋ ಇದ್ರೆ ಕೊನೆಯ ಕಾಲಮ್ ಬೆರಳಿಗೆ ಸಿಗತ್ತೆ.

ಇವತ್ತು ರಾತ್ರಿ ಆ ಹಿಡನ್ ಸಾಲು ಅಳಿಸಿ. ಡಮ್ಮಿ ಇಂಗ್ಲಿಷ್ ಹೆಸರು ತೆಗೆದು ಚಿಕ್ಕನಾಯಕನಹಳ್ಳಿ, ಹೊಳೆನರಸೀಪುರ, ದೊಡ್ಡಬಳ್ಳಾಪುರ ಹಾಕಿ, ಸ್ಕ್ರೀನ್ 320 ಪಿಕ್ಸೆಲಿಗೆ ಎಳೀರಿ, ಆಮೇಲೆ ನಿಮ್ಮ ಅಪ್ಪನದೋ ಅಜ್ಜಿದೋ ಫೋನಲ್ಲಿ, ಅವರು ಅಕ್ಷರ ದೊಡ್ಡದು ಮಾಡ್ಕೊಂಡಿರೋ ಹಾಗೇ, ತೆಗೆದು ನೋಡಿ. ಯಾವ ಡಬ್ಬ ಹೊರಗೆ ಬಂತು ಅಂತ ಗೊತ್ತಾದ್ಮೇಲೂ ಬಗೆಹರೀಲಿಲ್ಲ ಅಂದ್ರೆ ಆ ಒಂದು ಸಾಲಿನ ಎಚ್‌ಟಿಎಂಎಲ್ಲೂ ಸಿಎಸ್‌ಎಸ್ಸೂ ಕಾಮೆಂಟಲ್ಲಿ ಹಾಕಿ, ನಾನು ನೋಡಿ ಹೇಳ್ತೀನಿ.